ತಿಪ್ಪೇಶನ ವಾಚು ಬಿಚ್ಚಿ ಕಟ್ಟಿದ ಮಳೆಗಾಲ

ಮೊನ್ನೆ ಹೊಲಿಗೆಗೆ ಬೇಕಾದ ದಾರ, ಲೈನಿಂಗ್ ಬಟ್ಟೆ ತರಲು ಚಿತ್ರದುರ್ಗಕ್ಕೆ ಹೋಗಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ. ಸಂತೆಪೇಟೆಯ ಓಣಿಯೊಂದರಲ್ಲಿ ಕೊಡೆ ಮಡಿಸಿ ಸೂರಿನ ಕೆಳಗೆ ನಿಂತಾಗ ಪೆಟ್ರೋಲಿನ ವಾಸನೆ ಬಂತು. ಬಂಕಿನಲ್ಲಿ ಬರುವ ಜೋರು ವಾಸನೆಯಲ್ಲ, ವಾಚಿನ ಬಿಡಿಭಾಗ ತೊಳೆಯಲು ಸಣ್ಣ ಗಾಜಿನ ಬಟ್ಟಲಿಗೆ ಒಂದಿಷ್ಟು ಪೆಟ್ರೋಲ್ ಸುರಿದು ಮುಚ್ಚಳ ತೆಗೆದಿಟ್ಟಾಗ ಬರುವಂಥದ್ದು. ನಾನು ನಿಂತಿರುವುದು ನಾಗಲಿಂಗಾಚಾರ್ರ ವಾಚ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಎಂದು ತಲೆ ಎತ್ತದೆಯೇ ಗೊತ್ತಾಯಿತು. ಮೆಲ್ಲಗೆ ಇಣುಕಿದೆ. ಆಚಾರ್ರು ಕಣ್ಣಿಗೆ ಕರಿ ಚೌಕಟ್ಟಿನ ಭೂತಗಾಜು ಸಿಕ್ಕಿಸಿಕೊಂಡು, ಮೇಜಿನ ಮೇಲೆ ಬಗ್ಗಿ ಕೂತಿದ್ದರು. ಬೆನ್ನು ಇನ್ನಷ್ಟು ಬಾಗಿದೆ. ನನ್ನನ್ನು ನೋಡಲಿಲ್ಲ. ನಾನೂ ಒಳಗೆ ಹೋಗಲಿಲ್ಲ. ಮಳೆ ನಿಲ್ಲುವ ಮೊದಲೇ ಅಲ್ಲಿಂದ ಹೊರಟುಬಿಟ್ಟೆ.

ಮೂರು ವರ್ಷದ ಹಿಂದೆ ಆಷಾಢದಿಂದ ಕಾರ್ತೀಕದವರೆಗೆ ವಾರಕ್ಕೆರಡು ದಿನ ನಾನು ಆ ಅಂಗಡಿಯಲ್ಲಿ ಕೂರುತ್ತಿದ್ದೆ. ಹೋಗಿದ್ದು ವಾಚಿಗಾಗಿ ಅಲ್ಲ, ತಮ್ಮನಿಗಾಗಿ.

ನನ್ನ ತಮ್ಮ ತಿಪ್ಪೇಶ ಆಗ ಮೂವತ್ತನಾಲ್ಕರವನು. ನಮ್ಮೂರು ಆದಿವಾಲದಿಂದ ಹಿರಿಯೂರಿಗೆ, ಹಿರಿಯೂರಿನಿಂದ ಸುತ್ತಮುತ್ತಲ ಸಂತೆಗಳಿಗೆ ಲಗೇಜ್ ಆಟೋ ಓಡಿಸುತ್ತಿದ್ದ. ಬಿ.ಪಿ. ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ಒಂದು ದಿನ ಮುಖ ಊದಿತು, ಕಾಲು ಊದಿತು, ಮಲಗಿದರೆ ಉಸಿರು ಸಿಗಲಿಲ್ಲ. ಪರೀಕ್ಷೆ ಮಾಡಿದವರು ಎರಡೂ ಕಿಡ್ನಿ ಹೋಗಿವೆ ಎಂದರು. ಬೇರೆ ಕಿಡ್ನಿ ಹಾಕಿಸಬೇಕೆಂದರೆ ಕೊಡುವವರು ಬೇಕಲ್ಲ. ಅವ್ವನಿಗೆ ವಯಸ್ಸಾಗಿತ್ತು, ನನಗೆ ಸಕ್ಕರೆ ಕಾಯಿಲೆ. ಅವನ ಹೆಂಡತಿ ರತ್ನಳ ರಕ್ತ ಹೊಂದಲಿಲ್ಲ. ಉಳಿದಿದ್ದು ಡಯಾಲಿಸಿಸ್ ಒಂದೇ. ಹತ್ತಿರದಲ್ಲಿ ಸರದಿ ಸಿಗದೆ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಹೊತ್ತು ಕೊಟ್ಟರು.

ಜೊತೆಗೆ ಯಾರು ಹೋಗುವುದು ಎಂಬ ಮಾತು ಬಂದಾಗ ಎಲ್ಲರೂ ನನ್ನನ್ನೇ ನೋಡಿದರು. ರತ್ನ ಬಬ್ಬೂರು ಫಾರಂನಲ್ಲಿ ದಿನಗೂಲಿಗೆ ಹೋಗುತ್ತಿದ್ದಳು, ತಪ್ಪಿಸಿದರೆ ಕೆಲಸವೇ ಹೋಗುತ್ತಿತ್ತು. ನನ್ನನ್ನು ಮಾಡದಕೆರೆಗೆ ಕೊಟ್ಟಿದ್ದರು. ಅಲ್ಲಿ ಬಾಳಲಾಗದೆ ತವರಿಗೆ ಬಂದು, ನಡುಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಆರು ವರ್ಷವಾಗಿತ್ತು. ಬ್ಲೌಸು ಎರಡು ದಿನ ತಡವಾದರೆ ಯಾರೂ ಸಾಯುವುದಿಲ್ಲ ಎಂದು ನಾನೇ ಹೇಳಿದೆ.

ಡಯಾಲಿಸಿಸ್‌ಗಾಗಿ ತಿಪ್ಪೇಶನ ಎಡಗೈ ಮಣಿಕಟ್ಟಿನ ಮೇಲೆ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದು, ಬಿಗಿಯಾಗಿ ಏನೂ ಕಟ್ಟಬಾರದು. ಅವನು ಯಾವಾಗಲೂ ಎಡಗೈಗೆ ಒಂದು ಕೀಲಿ ಕೊಡುವ ವಾಚು ಕಟ್ಟುತ್ತಿದ್ದ. ಹಿರಿಯೂರು ಸಂತೆಯಲ್ಲಿ ಯಾರಿಂದಲೋ ಕೊಂಡ ಹಳೇ ವಾಚು, ಬಿಳಿ ಡಯಲ್ಲು, ಕರಿ ಮುಳ್ಳು. ಬಲಗೈಗೆ ಕಟ್ಟಿಕೊಂಡು ಎರಡು ದಿನ ನೋಡಿದ. ಆಮೇಲೆ ಬಿಚ್ಚಿ ನನ್ನ ಕೈಗಿಟ್ಟ.

"ಬಲಗೈ ಒಪ್ಪಂಗಿಲ್ಲ ಕಣಕ್ಕ. ನಿನ್ನತ್ರ ಇಟ್ಕ. ದಿನಾ ಕೀಲಿ ಕೊಡದು ಮರೀಬ್ಯಾಡ."

ನಾನು ಮರೆಯಲಿಲ್ಲ. ಆದರೂ ಎರಡನೇ ವಾರ ಅದು ನನ್ನ ಬ್ಯಾಗಿನೊಳಗೆ ನಿಂತುಹೋಯಿತು.

ಡಯಾಲಿಸಿಸ್ ನಾಲ್ಕು ಗಂಟೆಯ ಕೆಲಸ. ಜೊತೆಗೆ ಬಂದವರು ಒಳಗೆ ಇರುವಂತಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತವರು ಒಬ್ಬರಿಗೊಬ್ಬರು ಅವೇ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ತಿಂಗಳಾಯಿತು, ಉಚ್ಚೆ ಬರುತ್ತದಾ, ಎಷ್ಟು ಕೇಜಿ ಇಳಿದ. ಹೋದ ವಾರ ಬಂದವರು ಈ ವಾರ ಬರದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನಗೆ ಅಲ್ಲಿ ಕೂರಲು ಆಗಲಿಲ್ಲ. ವಾಚು ನಿಂತಿದ್ದೇ ನೆಪವಾಯಿತು. ಕೇಳಿಕೊಂಡು ಕೇಳಿಕೊಂಡು ಆಚಾರ್ರ ಅಂಗಡಿಗೆ ಹೋದೆ.

ಅಂಗಡಿ ಎಂದರೆ ಎರಡು ಜನ ಕೂರುವಷ್ಟು ಜಾಗ. ಆಚಾರ್ರಿಗೆ ಎಪ್ಪತ್ತರ ಹತ್ತಿರ. ಅವರ ಅಪ್ಪ ಚಿನ್ನದ ಕೆಲಸದವರಂತೆ, ಇವರು ವಾಚಿಗೆ ತಿರುಗಿದವರು. ಈಗ ಬರುವ ಗಿರಾಕಿಗಳು ಸೆಲ್ಲು ಹಾಕಿಸಲು, ಬೆಲ್ಟು ಬದಲಿಸಲು ಬರುವವರು. ನನ್ನ ಕೈಯಲ್ಲಿದ್ದ ವಾಚನ್ನು ತಿರುಗಿಸಿ ನೋಡಿ, "ಬಿಟ್ಟೋಗಮ್ಮ, ಶುಕ್ರವಾರ ಬಾ" ಎಂದರು.

"ಇಲ್ಲೇ ಕುಂತಿರ್ತೀನಿ ಆಚಾರ್ರೆ. ನಂಗೆ ಎರಡು ಗಂಟೆಗಂಟ ಎಲ್ಲೂ ಹೋಗಂಗಿಲ್ಲ."

ಅವರು ನನ್ನ ಮುಖ ನೋಡಿದರು. ಆ ಓಣಿಗೆ ಆಸ್ಪತ್ರೆಯ ಕಡೆಯಿಂದ ಬರುವವರನ್ನು ನೋಡಿ ಅಭ್ಯಾಸವಿತ್ತೇನೋ, ಕಾರಣ ಕೇಳಲಿಲ್ಲ. ಸ್ಟೂಲು ಮುಂದಕ್ಕೆ ತಳ್ಳಿದರು. ವಾಚಿನ ಹಿಂದಿನ ಮುಚ್ಚಳ ತೆಗೆದು, ಕಣ್ಣಿನ ಗಾಜು ನನಗೆ ಕೊಟ್ಟರು. ಕೆಂಪು ಕಲ್ಲುಗಳು, ಹಿತ್ತಾಳೆ ಚಕ್ರಗಳು, ಎಲ್ಲದರ ಮೇಲೆ ಅಂಟಿದ ಕಪ್ಪು ಜಿಡ್ಡು. "ಎಣ್ಣೆ ಒಣಗಿ ಅಂಟಾಗೈತೆ. ಮುರಿದಿರದು ಏನೂ ಇಲ್ಲ" ಎಂದರು. ಎರಡು ತಿಂಗಳಿಂದ ತಮ್ಮನ ವಿಷಯದಲ್ಲಿ ಡಾಕ್ಟರುಗಳು ಹೇಳಿದ್ದು ನನಗೆ ಒಂದೂ ಅರ್ಥವಾಗಿರಲಿಲ್ಲ. ಇದು ಅರ್ಥವಾಯಿತು. ಕಣ್ಣಿಗೆ ಕಾಣುತ್ತಿತ್ತು.

"ನಂಗೂ ಕಲಿಸ್ತೀರಾ?" ಎಂದು ಕೇಳಿಬಿಟ್ಟೆ.

"ಕಲ್ತು ಏನ್ ಮಾಡ್ತಿಯಮ್ಮ? ಈಗ ಇವನ್ನ ಯಾರು ಕಟ್ಕಂತಾರೆ?"

"ಏನೂ ಮಾಡಲ್ಲ. ಸುಮ್ನೆ."

ಹಾಗೆ ಶುರುವಾಯಿತು. ತಿಪ್ಪೇಶನ ವಾಚನ್ನು ಅವರು ಒಂದು ಪೊಟ್ಟಣದಲ್ಲಿ ಕಟ್ಟಿಟ್ಟು, "ಇದು ನಿನ್ನ ಕೊನೇ ಪಾಠ" ಎಂದರು. ನನಗೆ ಕೊಟ್ಟಿದ್ದು ಡಯಲ್ಲೂ ಮುಳ್ಳೂ ಇಲ್ಲದ, ತುಕ್ಕು ಹಿಡಿದ ಒಂದು ಯಂತ್ರ. ಇಪ್ಪತ್ತು ಸಲ ಬಿಚ್ಚು, ಇಪ್ಪತ್ತು ಸಲ ಕಟ್ಟು, ಆಮೇಲೆ ಮಾತಾಡಾಣ ಎಂದರು. ಹೊಲಿಗೆ ಮಾಡಿದ ಕೈ ಆದ್ದರಿಂದ ಸುಲಭ ಎಂದುಕೊಂಡಿದ್ದೆ. ಸೂಜಿ ಹಿಡಿದ ಕೈ ಎಳೆಯುತ್ತದೆ, ಒತ್ತುತ್ತದೆ. ಇಲ್ಲಿ ಎರಡೂ ಕೂಡದು. ಚಿಮಟದಲ್ಲಿ ಸ್ಕ್ರೂ ಬಿಗಿಯಾಗಿ ಹಿಡಿದರೆ ಹಾರಿಹೋಗುತ್ತಿತ್ತು, ಸಡಿಲ ಹಿಡಿದರೆ ಬಿದ್ದುಹೋಗುತ್ತಿತ್ತು. ನಿಟ್ಟುಸಿರು ಬಿಟ್ಟರೂ ಸಣ್ಣ ಚಕ್ರಗಳು ಜಾಗ ಬಿಡುತ್ತಿದ್ದವು. ಮೂರನೇ ವಾರ ಕೂದಲಿನಂಥ ಸುರುಳಿ ತಂತಿಯ ಹೇರ್‌ಸ್ಪ್ರಿಂಗನ್ನು ಎಳೆದು ಹಿಗ್ಗಿಸಿಬಿಟ್ಟೆ. ಆಚಾರ್ರು ಬೈಯಲಿಲ್ಲ. ಮೇಜಿನ ಕೆಳಗಿನ ಡ್ರಾಯರ್ ಎಳೆದು ತೋರಿಸಿದರು. ಮುರಿದ, ಬಾಗಿದ, ಸೀಳಿದ ಸಾಮಾನು ತುಂಬಿತ್ತು.

"ಇದ್ರಾಗಿರದೆಲ್ಲ ನಾನೇ ಕೆಡಿಸಿದ್ದು. ನಿಂದೂ ಇದರಾಗೇ ಹಾಕು."

ಅವರದು ಒಂದೇ ಕಟ್ಟುನಿಟ್ಟು. ಮೇಜಿನ ಮೇಲೆ ಫೋನ್ ಇಡುವಂತಿಲ್ಲ. ಫೋನ್ ಗುರ್ ಎಂದರೆ ಬಿಡಿಭಾಗಗಳು ಕುಣಿದು ಕೆಳಗೆ ಬೀಳುತ್ತವೆ. ನಾನು ಸದ್ದು ಬರದ ಹಾಗೆ ಮಾಡಿ ಬ್ಯಾಗಿಗೆ ಹಾಕಿ, ಬ್ಯಾಗನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆ.

ಬಸ್ಸಿನಲ್ಲಿ ವಾಪಸು ಬರುವಾಗ ತಿಪ್ಪೇಶ ಕಿಟಕಿಗೆ ತಲೆ ಆನಿಸಿ ಕೇಳುತ್ತಿದ್ದ. "ಇವತ್ತು ಏನ್ ಕೆಡಿಸ್ದೆ?" ನಾನು ಹೇಳುತ್ತಿದ್ದೆ. ನಗುತ್ತಿದ್ದ. "ಬೇಗ ಕಲಿ ಅಕ್ಕ. ಪೂರ್ತಿ ಕಲ್ತಾದ್ಮೇಲೆ ನನ್ನೂ ಒಂದ್ಸಲ ಬಿಚ್ಚಿ ಪೆಟ್ರೋಲ್‌ನಾಗೆ ತೊಳೆದುಬಿಡು." ನಗುವಾಗಲೂ ತುಟಿ ಒಡೆದಿರುತ್ತಿತ್ತು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹೇಳಿದ್ದರು. ರತ್ನ ಬೆಳಗ್ಗೆ ಒಂದು ಬಾಟಲಿಗೆ ತುಂಬಿಟ್ಟು ಹೋಗುತ್ತಿದ್ದಳು. ಅವನು ಮುಚ್ಚಳದಲ್ಲಿ ಸುರಿದುಕೊಂಡು ಕುಡಿಯುತ್ತಿದ್ದ.

ಆ ವರ್ಷ ನಮ್ಮ ಕಡೆ ಎಂದೂ ಕಾಣದ ಮಳೆ. ಹೊಲಗಳಲ್ಲಿ ನೀರು ನಿಂತಿತ್ತು, ಮಾರಿಕಣಿವೆ ಡ್ಯಾಂ ತುಂಬುತ್ತಿದೆ ಎಂದು ಜನ ಗಾಡಿ ಮಾಡಿಕೊಂಡು ನೋಡಲು ಹೋಗುತ್ತಿದ್ದರು. ತಾನೂ ನೋಡಬೇಕೆಂದು ತಿಪ್ಪೇಶ ಹಟ ಹಿಡಿದ. ಒಂದು ಭಾನುವಾರ ಅವನ ಸ್ನೇಹಿತನ ಆಟೋದಲ್ಲಿ ಮೂವರೂ ಹೋದೆವು, ಅವನು, ರತ್ನ, ನಾನು. ನೀರಿನ ಅಂಚಿಗೆ ಇಳಿದು ಅವನು ಬೊಗಸೆ ತುಂಬ ನೀರೆತ್ತಿ ಬಾಯಿಗೆ ಹಾಕಿಕೊಂಡ. ರತ್ನ "ಏಯ್!" ಎಂದು ಕಿರುಚಿದಳು. ಅವನು ಬಾಯಿ ಉಬ್ಬಿಸಿಕೊಂಡು ನಮ್ಮಿಬ್ಬರನ್ನೂ ನೋಡುತ್ತಾ ನಿಂತ. ಎಷ್ಟು ಹೊತ್ತು ನಿಂತನೋ. ಆಮೇಲೆ ಎಲ್ಲವನ್ನೂ ಉಗುಳಿದ.

"ನುಂಗಿಲ್ಲ, ನೋಡ್ರಿ" ಎಂದು ಬಾಯಿ ತೆರೆದು ತೋರಿಸಿದ. ರತ್ನ ಮುಖ ತಿರುಗಿಸಿಕೊಂಡು ಅತ್ತಳು.

ಗಣೇಶನ ಹಬ್ಬದ ಹೊತ್ತಿಗೆ ನಾನು ಆ ತುಕ್ಕು ಯಂತ್ರವನ್ನು ಕಣ್ಣು ಮುಚ್ಚಿ ಎನ್ನುವಷ್ಟು ಸಲೀಸಾಗಿ ಕಟ್ಟುತ್ತಿದ್ದೆ. ದಸರೆಯ ಹೊತ್ತಿಗೆ ಬೇರೆ ಮೂರು ವಾಚುಗಳನ್ನು ತೊಳೆದು, ಎಣ್ಣೆ ಬಿಟ್ಟು ಓಡಿಸಿದ್ದೆ. ನಿಜ ಹೇಳಬೇಕೆಂದರೆ ಆ ಸ್ಟೂಲಿನ ಮೇಲೆ ಕೂತಾಗ ನನಗೆ ತಮ್ಮನ ನೆನಪು ಬರುತ್ತಿರಲಿಲ್ಲ. ಅದಕ್ಕೇ ಅಲ್ಲಿಗೆ ಹೋಗುತ್ತಿದ್ದೆ. ಮಂಗಳವಾರ ಶುಕ್ರವಾರಗಳು ಬೇಗ ಬರಲಿ ಎಂದು ಕಾಯತೊಡಗಿದ್ದೆ. ಅವನಿಗೆ ಅವು ಸೂಜಿ ಚುಚ್ಚುವ ದಿನಗಳು.

ಅಷ್ಟರಲ್ಲಿ ಅವನು ತುಂಬ ಇಳಿದುಹೋಗಿದ್ದ. ಬಸ್ಸಿನ ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯಬೇಕಾಗುತ್ತಿತ್ತು. ಆಟೋ ಮನೆ ಮುಂದೆ ನಿಂತು, ಅದರ ಮೇಲೆ ಹುಣಸೆ ಎಲೆ ಉದುರಿ ಕೊಳೆಯುತ್ತಿತ್ತು.

ದೀಪಾವಳಿಯಾದ ಮೇಲಿನ ಒಂದು ಶುಕ್ರವಾರ. ತಿಪ್ಪೇಶನನ್ನು ಮಲಗಿಸಿ ಬಿ.ಪಿ. ನೋಡಿದ ಸಿಸ್ಟರ್ ಬಾಗಿಲ ತನಕ ಬಂದು ನನಗೆ ಹೇಳಿದಳು. "ಅಕ್ಕ, ಇವತ್ತು ಬಿ.ಪಿ. ಸ್ವಲ್ಪ ಕಮ್ಮಿ ಐತೆ. ದೂರ ಹೋಗಬ್ಯಾಡ್ರಿ, ಇಲ್ಲೇ ಇರ್ರಿ."

ನಾನು "ಹೂಂ" ಎಂದೆ. ಬೆಂಚಿನ ಮೇಲೆ ಕೂತೆ. ಹಿಂದಿನ ಮಂಗಳವಾರ ಆಚಾರ್ರು ತಿಪ್ಪೇಶನ ವಾಚಿನ ಪೊಟ್ಟಣ ಬಿಚ್ಚಿ, ನನ್ನ ಕೈಯಿಂದಲೇ ಎಲ್ಲವನ್ನೂ ತೊಳೆಸಿದ್ದರು. ಶುಕ್ರವಾರ ಕಟ್ಟು, ನಿನ್ನ ತಮ್ಮನಿಗೆ ಕೈಯಾರೆ ಕೊಡು ಎಂದಿದ್ದರು. ಹತ್ತು ನಿಮಿಷ ಕೂತಿದ್ದೆನೋ ಇಲ್ಲವೋ. ಬಿ.ಪಿ. ಕಮ್ಮಿಯಾಗುವುದು ಹೊಸದಲ್ಲ, ಮೊದಲೂ ಆಗಿತ್ತು ಎಂದುಕೊಂಡು ಎದ್ದೆ.

ಅಂಗಡಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಚಕ್ರಗಳು ಕೂತವು, ಸೇತುವೆಯಂಥ ಪಟ್ಟಿ ಕೂತಿತು, ಸ್ಕ್ರೂಗಳು ಬಿಗಿದವು. ಕೊನೆಗೆ, ಕೀಲಿ ಕೊಟ್ಟ ಮೇಲೆ ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಸ್ಪ್ರಿಂಗ್ ಒಂದನ್ನು ಕೂರಿಸಬೇಕಿತ್ತು. ರೆಪ್ಪೆಗೂದಲಿನಷ್ಟು ತೆಳುವಾದ ತಂತಿ. ಚಿಮಟದಿಂದ ಅದು ಚಿಮ್ಮಿ ಹೋಯಿತು.

"ಅಲ್ಲಾಡಬ್ಯಾಡ!" ಎಂದರು ಆಚಾರ್ರು.

ನಾನು ನೆಲಕ್ಕೆ ಮಂಡಿಯೂರಿದೆ. ಆಚಾರ್ರು ಟಾರ್ಚ್ ಹಿಡಿದರು. ಒದ್ದೆ ಬಟ್ಟೆಯನ್ನು ನೆಲಕ್ಕೆ ಒತ್ತಿ ಒತ್ತಿ ಎತ್ತಿ ನೋಡಿದೆ. ಮೇಜಿನ ಕಾಲಿನ ಸಂದು, ಚಾಪೆಯ ಅಡಿ, ಬಾಗಿಲ ಹೊಸ್ತಿಲು. "ಬೇರೆ ಹುಡುಕಿ ಹಾಕಾಣ, ಎದ್ದೇಳಮ್ಮ" ಎಂದರು ಅವರು. ನಾನು ಕೇಳಲಿಲ್ಲ. ಇದೇ ಬೇಕು, ಇದರದ್ದೇ ಬೇಕು ಎಂದು ಹಟ ಹಿಡಿದೆ. ಅರ್ಧ ಗಂಟೆಯ ಮೇಲೆ ಅದು ನನ್ನ ಸೀರೆಯ ನೆರಿಗೆಯಲ್ಲೇ ಸಿಕ್ಕಿತು. ಕೂರಿಸಿದೆ. ಎರಡು ಸುತ್ತು ಕೀಲಿ ಕೊಟ್ಟೆ. ಓಡಿತು.

ಆಚಾರ್ರು ವಾಚನ್ನು ಕಿವಿಗಿಟ್ಟು ಕೇಳಿ, ನನ್ನ ತಲೆ ಮುಟ್ಟಿದರು. ನಾನು ನಗುತ್ತಾ ಬ್ಯಾಗು ತೆಗೆದುಕೊಂಡೆ. ಎಷ್ಟು ಹೊತ್ತಾಯಿತೆಂದು ಫೋನ್ ನೋಡಿದೆ. ಹನ್ನೊಂದು ಕರೆ ಬಂದಿದ್ದವು. ಏಳು ಆಸ್ಪತ್ರೆಯ ನಂಬರು. ಅವಕ್ಕಿಂತ ಮೊದಲು ನಾಲ್ಕು, ತಿಪ್ಪೇಶನ ಫೋನಿಂದ.

ನಾನು ಹೋಗುವ ಹೊತ್ತಿಗೆ ಅವನ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಡಾಕ್ಟರು ಹೃದಯ ನಿಂತಿತು ಎಂದರು, ಎಲ್ಲ ಮಾಡಿದೆವು ಎಂದರು, ನೀವು ಇದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಸಿಸ್ಟರ್ ಬಯ್ಯಲಿಲ್ಲ. ಅವಳ ಕಣ್ಣು ಕೆಂಪಾಗಿತ್ತು. "ಅಕ್ಕನ್ನ ಕರೀರಿ, ಅಕ್ಕನ್ನ ಕರೀರಿ ಅಂತಿದ್ರು" ಎಂದಷ್ಟೇ ಹೇಳಿದಳು.

ವ್ಯಾನಿನಲ್ಲಿ ಅವನ ಪಕ್ಕ ಕೂತು ಬಂದೆ. ಹಿರಿಯೂರು ದಾಟುವಾಗ ಅವನ ಎಡಗೈ ಎತ್ತಿ, ಹತ್ತಿ ಪಟ್ಟಿಯ ಮೇಲೆ ವಾಚು ಕಟ್ಟಿದೆ. ಇನ್ನು ಆ ಕೈಗೆ ಏನು ಕಟ್ಟಿದರೂ ನಡೆಯುತ್ತಿತ್ತು.

ಮನೆ ಮುಂದೆ ಇಳಿದಾಗ ಅವ್ವ ನನ್ನ ಎರಡೂ ತೋಳು ಹಿಡಿದು ಅಲುಗಿಸಿದಳು. "ಜತಿಗಿದ್ದೇನೇ? ನೀನು ಅವ್ನ ಜತಿಗಿದ್ದೇನೇ?"

"ಇದ್ದೆ ಅವ್ವ."

"ಕೈ ಹಿಡ್ಕಂಡಿದ್ದೇನೇ?"

"ಹಿಡ್ಕಂಡಿದ್ದೆ."

ಅಷ್ಟು ಹೇಳಿದ ಮೇಲೆ ಹಿಂದಕ್ಕೆ ಬರುವ ದಾರಿ ಇರಲಿಲ್ಲ. ಮಣ್ಣು ಮಾಡುವಾಗ ನಮ್ಮ ದೊಡ್ಡಪ್ಪ ಅವನ ಕೈ ನೋಡಿ, "ನಡೀತಿರೋ ವಾಚು ಮಣ್ಣಿಗೆ ಹಾಕಬಾರದು, ತೆಗೀರಿ" ಎಂದು ಬಿಚ್ಚಿಸಿ ರತ್ನಳ ಕೈಗೆ ಕೊಟ್ಟರು. ಬಂದವರಿಗೆಲ್ಲ ಅವ್ವ ಹೇಳುತ್ತಿದ್ದಳು, "ನನ್ನ ಮಗ ಒಬ್ನೇ ಹೋಗಲಿಲ್ಲ. ಅಕ್ಕನ ಕೈ ಹಿಡ್ಕಂಡು ಹೋದ." ಹೆಂಗಸರು ನನ್ನ ಕೈ ಮುಟ್ಟಿ ನೋಡುತ್ತಿದ್ದರು. ನಾನು ಕೈ ಕೊಡುತ್ತಿದ್ದೆ.

ರತ್ನ ನಮ್ಮ ಮನೆಯಲ್ಲೇ ಉಳಿದಳು. ಅವಳಿಗೆ ಮಕ್ಕಳಿರಲಿಲ್ಲ, ತವರಿನವರು ಕರೆದರೂ ಹೋಗಲಿಲ್ಲ. ಫಾರಂನಿಂದ ಬಂದು ಕೈಕಾಲು ತೊಳೆದು, ಒಲೆ ಹಚ್ಚುತ್ತಾ ಕೇಳುವಳು. "ಅಕ್ಕ, ಅವತ್ತು ಏನಂದ?" ಮೊದಲ ಸಲ, ನೋವಾಗುತ್ತಿಲ್ಲ ಅಂದ ಎಂದೆ. ಎರಡನೇ ಸಲ, ನಿನ್ನ ಹೆಸರು ಹೇಳಿದ ಎಂದೆ. ಮೂರನೇ ಸಲ, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ನನಗೆ ಹೇಳಿದ ಎಂದೆ. ಪ್ರತಿ ಸಲವೂ ಒಂದು ಮಾತು ಸೇರುತ್ತಿತ್ತು. ಅವಳು ಒಲೆಯನ್ನೇ ನೋಡುತ್ತಾ ಕೇಳುವಳು.

ವಾಚಿನ ಕೆಲಸ ಬಿಟ್ಟುಬಿಡುತ್ತೇನೆ ಎಂದುಕೊಂಡಿದ್ದೆ. ಆಚಾರ್ರ ಕಡೆ ಹೋಗಲಿಲ್ಲ, ಸುದ್ದಿಯನ್ನೂ ಹೇಳಲಿಲ್ಲ. ಆದರೆ ಅವರು ಕೊಟ್ಟಿದ್ದ ಚಿಮಟ, ಕಣ್ಣಿನ ಗಾಜು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಇದ್ದವು. ಊರಿನಲ್ಲಿ ಯಾರೋ ತಾತನ ಕಾಲದ ವಾಚು ತಂದು ಮುಂದಿಟ್ಟರು. ಬೇಡ ಎನ್ನಲಾಗಲಿಲ್ಲ. ಈಗಲೂ ಆಗೊಮ್ಮೆ ಈಗೊಮ್ಮೆ ಮಾಡುತ್ತೇನೆ. ಫೋನನ್ನು ಮಾತ್ರ ಮೇಜಿನ ಮೇಲೆ, ಕೈಯ ಪಕ್ಕದಲ್ಲೇ, ಪೂರ್ತಿ ಸದ್ದಿಟ್ಟು ಇಡುತ್ತೇನೆ. ಬಿಡಿಭಾಗ ಬಿದ್ದರೆ ಬೀಳಲಿ.

ಮುಂದಿನ ಯುಗಾದಿಗೆ ಹದಿನೈದು ದಿನ ಇರುವಾಗ ರತ್ನ ಮತ್ತು ನಾನು ಅಂಗಳದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆವು. ಅವ್ವ ಒಳಗೆ ಮಲಗಿದ್ದಳು. ರತ್ನ ಮತ್ತೆ ಅದನ್ನೇ ಕೇಳಿದಳು. ನನ್ನ ಕೈಯಲ್ಲಿದ್ದ ಕಲ್ಲು ನಿಂತಿತು.

"ನಾನು ಅಲ್ಲಿರಲಿಲ್ಲ ರತ್ನ" ಎಂದೆ.

ಎಲ್ಲವನ್ನೂ ಹೇಳಿದೆ. ಸಿಸ್ಟರ್ ಹೇಳಿದ್ದು, ನಾನು ಎದ್ದು ಹೋಗಿದ್ದು, ಸ್ಪ್ರಿಂಗು, ಕರೆಗಳು. ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಬೀಜ ಒಂದು ಕಡೆ, ತಿರುಳು ಒಂದು ಕಡೆ ಸರಿಸಿದಳು.

"ಗೊತ್ತಿತ್ತು ಅಕ್ಕ."

"ಏನ್ ಗೊತ್ತಿತ್ತು?"

"ಅವನ ಫೋನ್ ನನ್ನತ್ರ ಐತಲ್ಲ. ನಿನಗೆ ನಾಕು ಸಲ ಮಾಡವ್ನೆ. ಪಕ್ಕದಾಗೆ ಕುಂತಿರೋರಿಗೆ ಯಾರು ಫೋನ್ ಮಾಡ್ತಾರೆ?" ಇನ್ನೊಂದು ಹಣ್ಣು ಕುಟ್ಟಿ ಮತ್ತೆ ಹೇಳಿದಳು. "ನಂಗೊಂದು ಸಲಾನೂ ಮಾಡಿಲ್ಲ."

ನಾನು ಕಲ್ಲನ್ನು ಕೆಳಗಿಟ್ಟೆ. ಆಮೇಲೆ ಕೇಳಿದೆ, "ಗೊತ್ತಿದ್ದೂ ದಿನಾ ಯಾಕ್ ಕೇಳ್ತಿದ್ದೆ?"

"ಮೊದಮೊದಲು ಸಿಟ್ಟಿಗೆ ಕೇಳ್ತಿದ್ದೆ. ಎಷ್ಟು ಸುಳ್ಳು ಹೇಳ್ತಿಯೋ ನೋಡಾಣ ಅಂತ. ಆಮೇಲೆ..." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಮೇಲೆ ನೀನು ಹೇಳದು ಕೇಳಬೇಕು ಅನ್ನಿಸ್ತಿತ್ತು. ಬ್ಯಾರೆ ಯಾರು ಹೇಳ್ತಾರೆ ನಂಗೆ, ಅವನು ನನ್ನ ಹೆಸರು ಹೇಳಿದ ಅಂತ?"

ನಾನು ಅವಳ ಕಾಲು ಮುಟ್ಟಲು ಹೋದೆ. ಹಿಂದಕ್ಕೆ ಸರಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. "ಅತ್ತೆಗೆ ಮಾತ್ರ ಹೇಳಬ್ಯಾಡ" ಎಂದಳು.

ಅವ್ವ ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ನಮ್ಮಿಬ್ಬರ ಮುಖ ನೋಡಿ, ಯಾರ ಮಾತು ಎಂದು ಅವಳಿಗೆ ತಿಳಿಯಿತು. ಅಲ್ಲಿಯವರೆಗೆ ಎಂದೂ ಕೇಳಿರದಿದ್ದ ಒಂದನ್ನು ಆವತ್ತು ಕೇಳಿದಳು.

"ನನ್ನ ಕೇಳಲಿಲ್ವೇನೇ ಅವನು? ಅವ್ವ ಅನ್ನಲಿಲ್ವಾ?"

ನಾನು ಬಾಯಿ ತೆರೆದೆ. ಅಷ್ಟು ದಿನ ಅಷ್ಟೊಂದು ಕಟ್ಟಿದ್ದವಳಿಗೆ ಆ ಒಂದು ಮಾತು ಕಟ್ಟಲಾಗಲಿಲ್ಲ. ಅವ್ವ ಕಾಯುತ್ತಾ ನನ್ನನ್ನೇ ನೋಡುತ್ತಿದ್ದಳು.

ರತ್ನ ತಲೆ ಬಗ್ಗಿಸಿಕೊಂಡೇ ಇನ್ನೊಂದು ಹಣ್ಣು ಕಲ್ಲಿನ ಮೇಲಿಟ್ಟಳು.

"ಕೇಳಿದ್ನಂತೆ ಅತ್ತೆ" ಎಂದಳು. "ಎಲ್ಲಾರಿಗಿಂತ ಮೊದ್ಲು ನಿನ್ನೇ ಕೇಳಿದ್ನಂತೆ."